ಮನೆ ಮಾರಾಟ ಆಗಿಲ್ಲ, ಕರಾರು ಮಾತ್ರ ಆಗಿದೆ

ಇವತ್ತು ಬೆಳಿಗ್ಗೆ ನಮ್ಮ ಮನೆ ಕೊಳ್ಳುತ್ತೇವೆ ಅಂತ ಕರಾರು ಮಾಡಿಕೊಂಡವರಿಂದ ಮತ್ತೆ ಫೋನ್ ಬಂತು. "ಇನ್ನು ಸ್ವಲ್ಪ ದಿನ ತಡ್ಕೊಳ್ಳಿ ಮೇಡಂ, ನಮ್ಮ ಹಳೆ ಮನೆಗೆ ಪಾರ್ಟಿ ಸಿಕ್ಕಿದ ಹಾಗೇನೇ." ಫೋನ್ ಇಟ್ಟ ಮೇಲೂ ಕೈ ನಡುಗುತ್ತಿತ್ತು, ಅಷ್ಟು ಕೋಪ.

ನಾವು ಯಾಕೆ ಮನೆ ಮಾರುತ್ತಿದ್ದೇವೆ ಅಂತ ನಿಮಗೆಲ್ಲ ಗೊತ್ತು. ಅತ್ತೆಗೆ ಮೆಟ್ಟಿಲು ಹತ್ತೋಕೆ ಆಗುತ್ತಿಲ್ಲ. ಮಂಡಿ ಆಪರೇಷನ್ ಆಗಬೇಕು, ಅದಕ್ಕೂ ಮೊದಲು ನೆಲಮಹಡಿಯ ಮನೆಗೆ ಹೋಗಿಬಿಡಬೇಕು ಅಂತ ನಮ್ಮ ಆಸೆ. ಕೊಳ್ಳುವವರು ಸಿಕ್ಕರು, ಕರಾರೂ ಆಯಿತು. ಆದರೆ ಅದರಲ್ಲಿ ಒಂದು ಷರತ್ತು ಇದೆ: ಅವರ ಹಳೆ ಮನೆ ಮಾರಾಟವಾದ ನಂತರ ಬಾಕಿ ಹಣ ಕೊಟ್ಟು ಕ್ರಯಪತ್ರ ಮಾಡಿಸಿಕೊಳ್ಳುತ್ತಾರಂತೆ. ನಂತರ ಅಂದರೆ ಯಾವಾಗ? ತಾರೀಕು ಹಾಕಿ ಅಂತ ನಾವು ಅವತ್ತೇ ಕೇಳಿದೆವು. "ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂದರು. ಆ ಮಾತು ಬಂದ ಮೇಲೆ ಎದುರಿಗೆ ಕೂತು ಏನು ಹೇಳೋದು? ಅತ್ತೆ ನೋವಿನಲ್ಲಿದ್ದರು, ಸಹಿ ಹಾಕಿದೆವು.

ಅದೇ ನಾವು ಕೊಳ್ಳಬೇಕಾದ ಮನೆಯವರು ತಾರೀಕು ಬರೆಸಿಕೊಂಡೇ ಮುಂಗಡ ತೆಗೆದುಕೊಂಡರು. ಅಂದರೆ ಹಣ ಕೊಡೋಕೆ ನಮಗೆ ಗಡುವು ಇದೆ, ನಮಗೆ ಹಣ ಬರೋಕೆ ಗಡುವಿಲ್ಲ. ರಾತ್ರಿ ನಿದ್ದೆ ಬರದೆ ಇದನ್ನೇ ಯೋಚಿಸುತ್ತಾ ಮಲಗಿರುತ್ತೇನೆ.

ವಕೀಲರ ಹತ್ತಿರ ಹೋದಾಗ ಗೊತ್ತಾಯಿತು, ಕಾನೂನು ಇದನ್ನೆಲ್ಲ ಯಾವತ್ತೋ ಯೋಚಿಸಿದೆ. 1872ರ ಕರಾರು ಕಾಯ್ದೆಯ 32ನೇ ಸೆಕ್ಷನ್ ಪ್ರಕಾರ, ಷರತ್ತು ನೆರವೇರುವವರೆಗೆ ಇಂಥ ಕರಾರನ್ನು ಜಾರಿ ಮಾಡಿಸೋಕೆ ಆಗೋದಿಲ್ಲ. 35ನೇ ಸೆಕ್ಷನ್ ಪ್ರಕಾರ, ಇಂತಿಷ್ಟು ಸಮಯದೊಳಗೆ ಅಂತ ಬರೆದಿದ್ದು ಅಷ್ಟರಲ್ಲಿ ಅದು ನಡೆಯದಿದ್ದರೆ ಕರಾರು ತಾನಾಗಿಯೇ ರದ್ದು. ಸಮಯವನ್ನೇ ಬರೆಯದಿದ್ದರೆ? ಹಣ ಕೊಡಿ ಅಂತ ಒತ್ತಾಯಿಸೋಕೂ ಆಗಲ್ಲ, ರದ್ದಾಯಿತು ಅಂತ ಸುಲಭವಾಗಿ ಎದ್ದು ಹೋಗೋಕೂ ಆಗಲ್ಲ. ನಾವು ಈಗ ಇರೋದು ಅಲ್ಲೇ. ಆಸ್ತಿ ವರ್ಗಾವಣೆ ಕಾಯ್ದೆ ಕೂಡ ಸ್ಪಷ್ಟವಾಗಿ ಹೇಳುತ್ತದೆ, ಬರೀ ಮಾರಾಟದ ಕರಾರಿನಿಂದ ಆಸ್ತಿಯ ಮೇಲೆ ಯಾವ ಹಕ್ಕೂ ಹುಟ್ಟೋದಿಲ್ಲ ಅಂತ. ಆದರೂ ನೆಂಟರು ಸಿಕ್ಕಲ್ಲೆಲ್ಲ "ಮನೆ ಮಾರಿದ್ರಂತೆ, ಒಳ್ಳೇದಾಯ್ತು" ಅನ್ನುತ್ತಾರೆ. ಇಲ್ಲಪ್ಪಾ, ಮಾರಿಲ್ಲ!

ಈ ಒಂದು ತಾರೀಕು ಇಲ್ಲದ್ದಕ್ಕೆ ಮನೆಯಲ್ಲಿ ಯಾವ ಕೆಲಸವೂ ಮುಂದೆ ಹೋಗುತ್ತಿಲ್ಲ. ಡಾಕ್ಟರು ಆಪರೇಷನ್‌ಗೆ ದಿನ ಹೇಳಿ ಅನ್ನುತ್ತಾರೆ. ಮಗನಿಗೆ ಹೊಸ ಮನೆ ಹತ್ತಿರದ ಶಾಲೆಗೆ ಅರ್ಜಿ ಹಾಕಬೇಕಾ, ಇದೇ ಶಾಲೆಗೆ ಫೀಸು ಕಟ್ಟಬೇಕಾ? ಬಚ್ಚಲಲ್ಲಿ ನೀರು ಸೋರುತ್ತಿದೆ, ರಿಪೇರಿಗೆ ಇವರು ಬೇಡ ಅನ್ನುತ್ತಾರೆ, ನಾನು ಬೇಕು ಅನ್ನುತ್ತೇನೆ, ಅದಕ್ಕೂ ಜಗಳ. ಮೊನ್ನೆ ಅತ್ತೆ ಮೆಟ್ಟಿಲ ಮೇಲೆ ಅರ್ಧಕ್ಕೆ ಕೂತುಬಿಟ್ಟು "ನನ್ನಿಂದ ನಿಮಗೆಲ್ಲ ಎಷ್ಟು ತೊಂದರೆ" ಅಂದರು. ಅವರಿಂದ ನಮಗೆ ಏನೂ ತೊಂದರೆ ಇಲ್ಲ. ಅವರು ಹಾಗೆ ಅಂದಿದ್ದನ್ನು ನೆನೆಸಿಕೊಂಡರೆ ಈಗಲೂ ಅಳು ಬರುತ್ತದೆ.

ಕೊಳ್ಳುವವರಿಗೂ ಕಷ್ಟ ಇರುತ್ತದೆ ಅಂತ ಕೆಲವರು ಹೇಳುತ್ತೀರಿ. ಇರುತ್ತದೆ, ಒಪ್ಪುತ್ತೇನೆ. ಅವರ ಮನೆ ಕೊಳ್ಳುವವರೂ ಬ್ಯಾಂಕ್ ಲೋನಿಗೆ ಕಾಯುತ್ತಿರಬಹುದು. ಹಾಗಂತ ಅವರ ಕಷ್ಟಕ್ಕೆ ನಮ್ಮ ಮನೆ ಎಷ್ಟು ದಿನ ಬೇಕಾದರೂ ಕಟ್ಟಿಬಿದ್ದಿರಬೇಕಾ? ಅವರ ಹಳೆ ಮನೆಗೆ ರೇಟು ಜಾಸ್ತಿ ಹೇಳಿಕೊಂಡು ಕೂತಿರೋದು ಅವರ ಇಷ್ಟ, ಆದರೆ ಅದರ ಬೆಲೆ ತೆರುತ್ತಿರೋದು ನಾವು. ಅಮೆರಿಕ, ಕೆನಡಾದಲ್ಲೂ ಇಂಥ ಷರತ್ತಿನ ವ್ಯಾಪಾರ ಮಾಮೂಲಿ. ಅಲ್ಲಿ ಮಾರುವವರು ಎಷ್ಟೋ ಸಲ ಇನ್ನೊಂದು ಸಾಲು ಸೇರಿಸುತ್ತಾರೆ: ಬೇರೆ ಗಿರಾಕಿ ಬಂದರೆ ಮೊದಲಿನವರಿಗೆ ತಿಳಿಸೋದು, ಅವರು 48 ಅಥವಾ 72 ಗಂಟೆ ಒಳಗೆ ಷರತ್ತು ಬಿಟ್ಟು ಕೊಳ್ಳಬೇಕು, ಇಲ್ಲವಾದರೆ ಹಿಂದೆ ಸರಿಯಬೇಕು. ಇದರಲ್ಲಿ ಯಾರಿಗೆ ಅವಮಾನ ಹೇಳಿ? ತಾರೀಕು ಕೇಳಿದರೆ ಅಪನಂಬಿಕೆ ಅಂತ ಯಾಕೆ ಅಂದುಕೊಳ್ಳಬೇಕು?

ಭಾನುವಾರ ನಾವಿಬ್ಬರೂ ಅವರ ಮನೆಗೆ ಹೋಗುತ್ತಿದ್ದೇವೆ. ವಕೀಲರು ಒಂದು ಪೂರಕ ಕರಾರು ಬರೆದುಕೊಟ್ಟಿದ್ದಾರೆ. ಒಂದೋ ಕೊನೆಯ ತಾರೀಕು ಹಾಕಿ ಸಹಿ ಮಾಡಲಿ, ಇಲ್ಲವೇ ಬೇರೆಯವರಿಗೆ ಮನೆ ತೋರಿಸಿ ಮಾರಿಕೊಳ್ಳಿ ಅಂತ ಬರೆದು ಕೊಡಲಿ, ಆ ಹಣ ಬಂದ ಕೂಡಲೇ ಅವರ ಮುಂಗಡ ವಾಪಸ್ ಮಾಡುತ್ತೇವೆ. ಎರಡರಲ್ಲಿ ಒಂದು ಆಗದೆ ನಾನು ಅಲ್ಲಿಂದ ಏಳೋದಿಲ್ಲ.