ಎರಡು ಸ್ಪೇಸಿನ ಪ್ರಾರಬ್ಧ

'ಬ್ಯಾಡ್ಲಿ ಫಾರ್ಮ್ಯಾಟೆಡ್ ಟ್ರೇಲರ್ ಲೈನ್.' ಕೊನೆಯ ಸಾಲಿನ ಆಕಾರ ಕೆಟ್ಟಿದೆ ಎಂದರ್ಥ. ಸ್ವಯಂಸೇವಕರು ಕಟ್ಟುವ ಆಪರೇಟಿಂಗ್ ಸಿಸ್ಟಮ್ ಡೆಬಿಯನ್, ತನ್ನ ಸಾಫ್ಟ್‌ವೇರ್ ಪ್ಯಾಕೇಜೊಂದನ್ನು ನೋಡಿಕೊಳ್ಳಲು ಬಂದ ಹೊಸ ಮೇಂಟೇನರಿಗೆ ಕೋರುವ ಸ್ವಾಗತ ಇದು. ಅದೂ ರಾತ್ರಿ ಹನ್ನೆರಡೂವರೆಗೆ. ಹಗಲಲ್ಲಿ ಹೊಟ್ಟೆಪಾಡಿನ ಕೆಲಸ ಇರುತ್ತದಲ್ಲ!

ಸಂಬಳವಿಲ್ಲ, ಕರೆದವರೂ ಇಲ್ಲ. ನೋಡಿಕೊಳ್ಳುವವರಿಲ್ಲದ ಅನಾಥ ಪ್ಯಾಕೇಜುಗಳ ಪಟ್ಟಿಯಲ್ಲಿ ದಿನಾ ಬಳಸುವ ಹೆಸರೊಂದು ಕಂಡು ಕರುಳು ಚುರ್ ಅಂದಿತು, ಅಷ್ಟೆ. ಆ ಪ್ಯಾಕೇಜು ಅನಾಥವೆಂದು ದಾಖಲಿಸಿದ ಬಗ್‌ನ ತಲೆಬರಹದಲ್ಲಿ 'ಓ' (ಅನಾಥ) ಇದ್ದಲ್ಲಿ 'ಐಟಿಎ' (ದತ್ತು ಪಡೆಯುವ ಇರಾದೆ) ಎಂದು ಬದಲಿಸಿ, ಓನರ್ ಜಾಗದಲ್ಲಿ ನಮ್ಮ ಹೆಸರು ಹಾಕಿದರೆ ದತ್ತು ಸ್ವೀಕಾರಕ್ಕೆ ನಾಂದಿ. ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಅಂದರೆ ಇದೇ.

ಕೋಡ್ ಬರೆಯುವ ಉಮೇದಿನಲ್ಲಿ ಬಂದವರು ಮಾಡುವುದು ಸ್ಪೇಸ್ ಎಣಿಸುವ ಕೆಲಸ. ಪ್ಯಾಕೇಜಿನ ಬದಲಾವಣೆಗಳನ್ನು ಬರೆದಿಡುವ ಚೇಂಜ್‌ಲಾಗಿನ ಪ್ರತಿ ನಮೂದಿನ ಕೊನೆ ಸಾಲು ನೋಡಿ: ಮೊದಲು ಒಂದು ಸ್ಪೇಸ್, ಎರಡು ಹೈಫನ್, ಇನ್ನೊಂದು ಸ್ಪೇಸ್, ಹೆಸರು, ಇಮೇಲ್. ಆಮೇಲೆ ಎರಡು ಸ್ಪೇಸ್. ಒಂದಾದರೆ ಮುನಿಸು, ಮೂರಾದರೂ ಮುನಿಸು. ಆಮೇಲೆ ವಾರ, ತಾರೀಖು, ಸಮಯ, ಟೈಮ್‌ಝೋನ್. ಹಳೆಯ ಸಾಲನ್ನೇ ಕಾಪಿ ಮಾಡಿ ತಾರೀಖು ಮಾತ್ರ ತಿದ್ದುವ ಜಾಣರಿಗೆ, ಪ್ಯಾಕೇಜಿನ ತಪ್ಪು ಹುಡುಕುವ ಲಿಂಟಿಯನ್ ಕಾದು ಕೂತಿರುತ್ತದೆ: ಸ್ವಾಮಿ, ತಾವು ಹೇಳಿದ ದಿನ ಬುಧವಾರ ಅಲ್ಲ. ಪಂಚಾಂಗ ನೋಡುವ ಸಾಫ್ಟ್‌ವೇರ್!

ಕೈಯಲ್ಲಿ ಬರೆಯಲೇಬೇಡಿ. 'ಡಿಸಿಹೆಚ್ -ಐ' ಎಂಬ ಕಮಾಂಡ್ ಹೊಸ ನಮೂದು ತೆರೆಯುತ್ತದೆ, 'ಡಿಸಿಹೆಚ್ -ಆರ್' ತಾರೀಖು ಹಾಕಿ ಮುಗಿಸುತ್ತದೆ. ಅದಕ್ಕೂ ಮೊದಲು ಡೆಬ್‌ಫುಲ್‌ನೇಮ್, ಡೆಬ್‌ಇಮೇಲ್ ಎಂಬೆರಡು ವೇರಿಯಬಲ್ ಸೆಟ್ ಆಗಿರಬೇಕು. ಇಲ್ಲೊಂದು ಗುಂಡಿಯಿದೆ. ಮೇಂಟೇನರ್ ಯಾರೆಂದು ಹೇಳುವ ಕಂಟ್ರೋಲ್ ಫೈಲಿನಲ್ಲಿ ಇನಿಷಿಯಲ್ ಸಮೇತ ಹೆಸರು ಬರೆದು, ವೇರಿಯಬಲ್‌ನಲ್ಲಿ ಇನಿಷಿಯಲ್ ಬಿಟ್ಟಿರೋ, ಕೆಟ್ಟಿರಿ. ಡಿಸಿಹೆಚ್ ನಿಮ್ಮನ್ನು ಹೊರಗಿನವರೆಂದು ತೀರ್ಮಾನಿಸಿ 'ನಾನ್-ಮೇಂಟೇನರ್ ಅಪ್‌ಲೋಡ್' ಎಂದು ಬರೆದು, -2 ಆಗಬೇಕಿದ್ದ ವರ್ಷನ್ನನ್ನು -1.1 ಮಾಡಿ ಕೊಡುತ್ತದೆ. ದತ್ತು ತಂದ ಮನೆಯಲ್ಲಿ ಯಜಮಾನನೇ ನೆಂಟ.

ಸೋರ್ಸ್ ಕೋಡಿನಿಂದ ಪ್ಯಾಕೇಜು ಕಟ್ಟುವ ಬಿಲ್ಡಿನ ಕಥೆ ಚಿಕ್ಕದು. ನಮ್ಮ ಮೆಷಿನ್‌ನಲ್ಲಿ ಲಕ್ಷಣವಾಗಿ ಆಗುತ್ತದೆ, ಎಸ್‌ಬಿಲ್ಡ್ ಎಂಬ ಟೂಲಿನ ಬೋಳು ಕ್ರೂಟ್‌ನಲ್ಲಿ, ಅಂದರೆ ನಮ್ಮ ಮೆಷಿನ್‌ನ ಸಾಮಾನೇನೂ ಇಲ್ಲದ ಪ್ರತ್ಯೇಕ ಕೋಣೆಯಲ್ಲಿ, ಮುಗ್ಗರಿಸುತ್ತದೆ. ಎಂದೋ ಹಾಕಿಕೊಂಡು ಮರೆತ ಲೈಬ್ರರಿಯೊಂದು ಬಿಲ್ಡಿಗೆ ಬೇಕಾದವುಗಳ 'ಬಿಲ್ಡ್-ಡಿಪೆಂಡ್ಸ್' ಪಟ್ಟಿಯಲ್ಲಿ ಇರುವುದಿಲ್ಲ. ಸೇರಿಸಿ, ಮತ್ತೆ ಓಡಿಸಿ.

ಲಿಂಟಿಯನ್ ಒಪ್ಪಿತೆಂದು ಹಿಗ್ಗಬೇಡಿ, ದೇವರು ಕೊಟ್ಟರೂ ಪೂಜಾರಿ ಕೊಡ. ಅಪ್‌ಲೋಡ್ ಹಕ್ಕು ಸಿಗುವವರೆಗೆ, ನೋಡಿ ನಮ್ಮ ಪರವಾಗಿ ಅಪ್‌ಲೋಡ್ ಮಾಡುವ ಸ್ಪಾನ್ಸರ್ ಬೇಕು. ಅವರೂ ಸಂಬಳವಿಲ್ಲದವರೇ. ಹಾಗಾಗಿ ವಾರಗಟ್ಟಲೆ ಕಾಯಿಸಿ ಒಂದೇ ಸಾಲು ಬರೆಯುತ್ತಾರೆ: ಕಾಪಿರೈಟ್ ಫೈಲಿನಲ್ಲಿ ಸಿ ಭಾಷೆಯ ಒಂದು ಫೈಲಿನ ಲೈಸೆನ್ಸ್ ಬಿಟ್ಟುಹೋಗಿದೆ. ಸಿಟ್ಟು ಬರುತ್ತದೆ. ಹೋಗಿ ನೋಡಿದರೆ ನಿಜವಾಗಿಯೂ ಬಿಟ್ಟುಹೋಗಿರುತ್ತದೆ, ಅದು ಇನ್ನೂ ಸಿಟ್ಟು.

ಕಾಯುವ ಹೊತ್ತಲ್ಲಿ ಚೇಂಜ್‌ಲಾಗನ್ನು ಕೆಳಗೆ ಸರಿಸುತ್ತಾ ಹೋದರೆ ಹಿಂದಿನವರೆಲ್ಲ ಸಿಗುತ್ತಾರೆ. ಒಂದೇ ಹೆಸರು ವರ್ಷಾನುಗಟ್ಟಲೆ, ಬಹುಪಾಲು ನಡುರಾತ್ರಿಯ ಸಮಯ. ಆಮೇಲೆ ಆ ಹೆಸರು ಬರುವುದಿಲ್ಲ. ಬೇಸರವಾಯಿತೋ, ಮಗು ಹುಟ್ಟಿತೋ, ಇನ್ನೇನಾಯಿತೋ, ಲಾಗ್ ಹೇಳುವುದಿಲ್ಲ. ಅವರ ಕೊನೆಯ ಸಾಲಿನಲ್ಲೂ ಇಮೇಲಿಗೂ ತಾರೀಖಿಗೂ ನಡುವೆ ಸರಿಯಾಗಿ ಎರಡು ಸ್ಪೇಸ್.