ಮೀನಿನ ಟ್ಯಾಂಕಿನ ಹಾಜರಿ ಪುಸ್ತಕ

ಅಕ್ವೇರಿಯಂ ತಂದಿದ್ದು ಮನಸ್ಸಿಗೆ ಸ್ವಲ್ಪ ನೆಮ್ಮದಿ ಇರ್ಲಿ ಅಂತ. ಕೆಲಸ ಮುಗಿಸ್ಕೊಂಡು ಬಂದು ಅದರ ಮುಂದೆ ಹತ್ತು ನಿಮಿಷ ಸುಮ್ನೆ ಕೂತ್ರೆ ಬಿಪಿ ಇಳಿಯತ್ತೆ ಅಂತ ಯಾರೋ ಅಂದ್ರು, ನಾನೂ ನಂಬ್ದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕು, ಕಲ್ಲು ಮರಳು ಎಲ್ಲಾ ಹಾಕಿದ್ಮೇಲೆ ಹೆಚ್ಚೂಕಮ್ಮಿ 50 ಲೀಟರ್ ನೀರು ಹಿಡಿಯುತ್ತೆ. ಮೀನು ಆರಿಸೋಕೆ ನಾನು ನೋಡಿದ್ದು ಒಂದೇ ಒಂದು, ಬಣ್ಣ. ಕೇಸರಿ ಗೋಲ್ಡ್ ಫಿಶ್ ಎರಡು, ಅದಕ್ಕೆ ಒಪ್ಪೋ ಹಂಗೆ ನೀಲಿ ಕೆಂಪು ಪಟ್ಟೆ ಇರೋ ನಿಯಾನ್ ಟೆಟ್ರಾ ಎಂಟು, ಪ್ಯಾಂಟಿಗೆ ಶರ್ಟ್ ಮ್ಯಾಚ್ ಮಾಡ್ದಂಗೆ.

"ಇವೆಲ್ಲಾ ಒಟ್ಟಿಗೆ ಇರ್ತಾವಾ?" ಅಂತ ಕೇಳ್ದೆ.

"ಇರ್ತಾವೆ ಸಾರ್" ಅಂದ ಮಾರೋನು.

ಎಷ್ಟು ದಿನ ಅಂತ ನಾನು ಕೇಳ್ಲಿಲ್ಲ, ಅವನೂ ಹೇಳ್ಲಿಲ್ಲ.

ಮಗಳಿಗೆ ಆಗ ಸ್ಕೂಲಲ್ಲಿ ಕ್ಲಾಸ್ ಲೀಡರ್ ಮಾಡಿದ್ರು, ಆ ಜೋಶಲ್ಲಿ ದಿನಾ ಬೆಳಿಗ್ಗೆ ಹಲ್ಲುಜ್ಜೋದಕ್ಕಿಂತ ಮುಂಚೆ ಹಳೇ ನೋಟ್‌ಬುಕ್ ಹಿಡ್ಕೊಂಡು ಮೀನುಗಳ ಹಾಜರಿ ತಗೊಳ್ಳೋಕೆ ಶುರು ಮಾಡಿದ್ಳು. ಸೋಮವಾರ ಗೋಲ್ಡ್ ಎರಡು, ನಿಯಾನ್ ಎಂಟು. ಮಂಗಳವಾರಾನೂ ಹಂಗೇ. ಬುಧವಾರ, "ಅಪ್ಪಾ, ಒಂದು ಆಬ್ಸೆಂಟು."

ಗಿಡದ ಹಿಂದೆ ಇರುತ್ತೆ ನೋಡು ಅಂದೆ, ಇರ್ಲಿಲ್ಲ. ಫಿಲ್ಟರ್ ಬಿಚ್ಚಿ ಸ್ಪಂಜು ಹಿಂಡಿ ನೋಡ್ದೆ. ಮೀನು ಒಂದೊಂದ್ಸಲ ಹಾರಿ ಹೊರಗೆ ಬೀಳುತ್ತೆ ಅಂತ ಓದಿದ್ದು ನೆನಪಾಗಿ ಟಾರ್ಚ್ ಹಿಡ್ಕೊಂಡು ನೆಲದ ಮೇಲೆ ಬೋರಲು ಬಿದ್ದು ಟೇಬಲ್ ಕೆಳಗೆ, ಸೋಫಾ ಕೆಳಗೆ ಎಲ್ಲಾ ಹುಡುಕ್ದೆ, ಕಳೆದ ವರ್ಷ ಕಳೆದುಹೋಗಿದ್ದ ರಿಮೋಟು ಸಿಕ್ತು, ಮೀನು ಸಿಗ್ಲಿಲ್ಲ. "ರೀ, ಸೋಫಾ ತನಕ ನಡ್ಕೊಂಡು ಹೋಗಿರತ್ತಾ ಅದು" ಅಂದ್ಳು ನನ್ನ ಹೆಂಡ್ತಿ. ಗುರುವಾರ ಆರು. ಶುಕ್ರವಾರ ಬೆಳಿಗ್ಗೆ ದೊಡ್ಡ ಗೋಲ್ಡ್ ಫಿಶ್ಶು ಏನೂ ಗೊತ್ತಿಲ್ದೋರ ಮುಖ ಮಾಡ್ಕೊಂಡು ಗಾಜಿನ ಹತ್ರ ಬಂತು, ಬಾಯಿಂದ ಒಂದು ಕೆಂಪು ಬಾಲ ಆಚೆ ಇಣುಕ್ತಾ ಇತ್ತು. ಮಗಳು ನೋಟ್‌ಬುಕ್ಕಲ್ಲಿ ಏನು ಬರೀಬೇಕು ಅಂತ ಗೊತ್ತಾಗ್ದೆ ನನ್ ಮುಖ ನೋಡಿದ್ಳು.

ಆಮೇಲೆ ಕೂತು ಓದ್ದೆ. ತರೋಕೆ ಮುಂಚೆ ಓದ್ಬೇಕಿತ್ತು, ಇರ್ಲಿ. ಮೀನಿನ ಲೋಕದಲ್ಲಿ ಮೊದಲನೇ ಕಾನೂನು ಏನಪ್ಪಾ ಅಂದ್ರೆ, ಬಾಯಲ್ಲಿ ಹಿಡಿಸೋ ಸೈಜಲ್ಲಿ ಇದ್ರೆ ಅದು ಜೊತೆಗಾರ ಅಲ್ಲ, ತಿಂಡಿ. ಅದೂ ಅಲ್ದೆ ಗೋಲ್ಡ್ ಫಿಶ್ ತಣ್ಣೀರಿನ ಜೀವ, 18ರಿಂದ 22 ಡಿಗ್ರಿ ಇದ್ರೆ ಆರಾಮು, ನಿಯಾನ್‌ಗೆ ಅದಕ್ಕಿಂತ ಬೆಚ್ಚಗೆ ಬೇಕು, ನಾನು ಇಬ್ರಿಗೂ ನ್ಯಾಯ ಆಗ್ಲಿ ಅಂತ ಹೀಟರ್ ಡಿಗ್ರಿನ ಮಧ್ಯಕ್ಕೆ ಇಟ್ಟು ಇಬ್ರಿಗೂ ಸುಖ ಇಲ್ದಂಗೆ ಮಾಡಿದ್ದೆ. ಇನ್ನು ಗೋಲ್ಡ್ ಫಿಶ್ ಮಾಡೋ ಗಲೀಜು ಕೇಳ್ಬೇಡಿ. ಅದರಿಂದ ಬರೋ ಅಮೋನಿಯಾನ ನೈಟ್ರೈಟ್ ಮಾಡಿ, ಅದನ್ನ ಮತ್ತೆ ನೈಟ್ರೇಟ್ ಮಾಡೋ ಬ್ಯಾಕ್ಟೀರಿಯಾ ಹೊಸ ಟ್ಯಾಂಕಲ್ಲಿ ನೆಲೆ ನಿಲ್ಲೋಕೆ 4ರಿಂದ 6 ವಾರ ಬೇಕಂತೆ, ನಾನು ಕೊಟ್ಟಿದ್ದು ಒಂದು ರಾತ್ರಿ. ಉಳಿದ ಐದು ನಿಯಾನ್ ಬದುಕಿದ್ದು ನನ್ನ ಬುದ್ಧಿಯಿಂದ ಅಲ್ಲ, ದಿನ ಬಿಟ್ಟು ದಿನ ಬಕೆಟ್ ಹೊತ್ತು ನೀರು ಬದಲಾಯ್ಸಿದ ನನ್ನ ಸೊಂಟದಿಂದ.

ಗೋಲ್ಡ್ ಫಿಶ್ ಎರಡೂ ಒಬ್ಬ ಫ್ರೆಂಡ್ ಮನೆ ತೋಟದ ಕೊಳಕ್ಕೆ ಹೋದ್ವು, ಈಗ ಅಂಗೈಗಿಂತ ದೊಡ್ಡದಾಗಿವೆ, ನನ್ನ ನೋಡಿದ್ರೆ ಗುರುತೂ ಹಿಡಿಯಲ್ಲ. ಈ ಫ್ರೆಂಡ್ ಬಗ್ಗೆ ಒಂದು ಮಾತು ಹೇಳ್ಬೇಕು. ಅವನ ಮನೇಲೂ ಒಂದು ಟ್ಯಾಂಕ್ ಇದೆ, ಮಧ್ಯದಲ್ಲಿ ಹನ್ನೆರಡು ನಿಯಾನ್ ಗುಂಪಾಗಿ ಓಡಾಡ್ತಾವೆ, ತಳದಲ್ಲಿ ಕೋರಿಡೋರಾಸ್ ಅನ್ನೋ ಪುಟ್ಟ ಕ್ಯಾಟ್‌ಫಿಶ್ ಆರು ಮರಳಲ್ಲಿ ಮೂತಿ ಇಟ್ಕೊಂಡು ಹುಡುಕ್ತಾ ಇರ್ತಾವೆ, ಇವರ ಏರಿಯಾಗೆ ಅವರು ಬರಲ್ಲ, ಅವರ ಏರಿಯಾಗೆ ಇವರು ಹೋಗಲ್ಲ, ಒಂದೇ ಥರ ನೀರು, ಒಂದೇ ಥರ ಸ್ವಭಾವ. ಆ ಟ್ಯಾಂಕಲ್ಲಿ ವರ್ಷಾನುಗಟ್ಲೆ ಏನೂ ನಡೆದಿಲ್ಲ. ನನಗದು ಬೋರು ಅನ್ಸೋದು. ಇದನ್ನ ಅವನಿಗೆ ಹೇಳಿದ್ರೆ ನಗ್ತಾನೆ, ಏನೂ ಹೇಳಲ್ಲ, ಅದೇ ಜಾಸ್ತಿ ಉರಿಯೋದು.

ಆಮೇಲೆ ಗಪ್ಪಿ ತಂದೆ. ಯಾರನ್ನ ಕೇಳಿದ್ರೂ ಪಾಪದ ಮೀನು, ಯಾರ ತಂಟೆಗೂ ಹೋಗಲ್ಲ ಅಂದ್ರು. ಅದು ನಿಜ, ಬೇರೆಯವರ ತಂಟೆಗೆ ಹೋಗಲ್ಲ, ಅವರವರಲ್ಲೇ ಬಿಡುವಿಲ್ಲ. ಗಂಡು ಮೂರು ಹೆಣ್ಣು ಮೂರು ತಂದಿದ್ದೆ, ಒಂದು ಗಂಡಿಗೆ ಎರಡು ಮೂರು ಹೆಣ್ಣಾದ್ರೂ ಇರ್ಬೇಕಂತೆ, ಇಲ್ಲಾಂದ್ರೆ ಗಂಡುಗಳು ಆ ಹೆಣ್ಣು ಮೀನುಗಳಿಗೆ ಉಸಿರಾಡೋಕೂ ಬಿಡಲ್ಲ. ಹೆಚ್ಚೂಕಮ್ಮಿ ಒಂದು ತಿಂಗಳಿಗೆ ಬೆಳಿಗ್ಗೆ ಬೆಳಿಗ್ಗೆನೇ ಕಿರುಚಾಟ, "ಅಪ್ಪಾ, ನ್ಯೂ ಅಡ್ಮಿಷನ್!" ಗಪ್ಪಿ ಮೊಟ್ಟೆ ಇಡಲ್ಲ, ಸೀದಾ ಮರೀನೇ ಹಾಕೋದು. ಮೂವತ್ತರ ತನಕ ಎಣಿಸಿ ಮಗಳು ಸುಸ್ತಾದ್ಳು. ನಾನು ಜಾಣ ಅಲ್ವಾ, ಗಂಡುಗಳನ್ನೆಲ್ಲಾ ಎತ್ತಿ ಫ್ರೆಂಡಿಗೆ ಕೊಟ್ಬಿಟ್ಟೆ. ಮುಂದಿನ ತಿಂಗಳು ಮತ್ತೆ ಅಡ್ಮಿಷನ್ನು. ಒಂದ್ಸಲ ಕೂಡಿದ್ರೆ ಹೆಣ್ಣು ಗಪ್ಪಿ ಆ ವೀರ್ಯಾನ ತಿಂಗಳುಗಟ್ಲೆ ಒಳಗೇ ಇಟ್ಕೊಂಡು ಬೇಕಾದಾಗ ಬಳಸ್ಕೊಳ್ಳುತ್ತೆ ಅಂತ ಆಮೇಲೆ ಗೊತ್ತಾಯ್ತು. ನಮ್ಮನೇಲಿ ಇಷ್ಟು ಮುಂದಾಲೋಚನೆ ಇರೋರು ಇನ್ನೊಬ್ರಿಲ್ಲ.

ಜನಸಂಖ್ಯೆ ಇಳಿಸೋಕೆ ಅಂತ ಒಂದು ಏಂಜೆಲ್ ಫಿಶ್ ತಂದೆ. ನಾಣ್ಯದಷ್ಟಗಲ ಇತ್ತು, ಹಾಲು ಬಿಳುಪು, ಹೆಸರೇ ಏಂಜೆಲ್, ಇನ್ನೇನು ಬೇಕು. ನಿಯಾನ್ ಗತಿ ಏನು ಅಂತ ಹೆಂಡ್ತಿ ಕೇಳಿದ್ಳು. ನಾನು ಈ ಸಲ ಓದ್ಕೊಂಡೇ ಬಂದಿದ್ದೆ, "ಎರಡೂ ಅಮೆಜಾನ್ ನದಿ ಕಡೆಯವು ಕಣೇ, ಒಂದೇ ಊರಿನೋರು, ಹೊಂದ್ಕೊಂಡು ಹೋಗ್ತಾವೆ" ಅಂದೆ. ಹೊಂದ್ಕೊಂಡಿದ್ವು ಕೂಡ, ನಾಲ್ಕೈದು ತಿಂಗಳು. ಅಷ್ಟರಲ್ಲಿ ಏಂಜೆಲ್ ಗಪ್ಪಿ ಮರಿಗಳನ್ನ ಒಂದೂ ಬಿಡದೆ ಮುಗಿಸಿ ದಪ್ಪಗೆ ಅಗಲಕ್ಕೆ ಬೆಳೀತು, ರೆಕ್ಕೆ ಸೇರಿ ಒಂದಡಿ ಎತ್ತರದ ಟ್ಯಾಂಕಲ್ಲಿ ಮೇಲಿಂದ ಕೆಳಗಿನ ತನಕ ಅದೇ ಕಾಣೋದು. ಆಮೇಲೆ ಹಾಜರಿ ಪುಸ್ತಕದಲ್ಲಿ ನಿಯಾನ್ ಐದು, ನಾಲ್ಕು, ನಾಲ್ಕು, ಎರಡು. ಒಂದೇ ಊರಿನೋರು ಅನ್ನೋದೇನೋ ಸರಿ, ಆ ಊರಲ್ಲಿ ಏಂಜೆಲ್‌ಗಳು ಈ ಥರ ಸಣ್ಣ ಮೀನುಗಳನ್ನೂ ತಿಂತಾವೆ ಅನ್ನೋ ಪ್ಯಾರಾ ತನಕ ನಾನು ಓದಿರ್ಲಿಲ್ಲ.

ಏಂಜೆಲ್‌ಗೆ ಬುದ್ಧಿ ಕಲಿಸ್ಬೇಕು ಅಂತೇನೂ ನಾನು ಟೈಗರ್ ಬಾರ್ಬ್ ತಂದಿದ್ದಲ್ಲ, ಪಟ್ಟೆ ಚೆನ್ನಾಗಿತ್ತು ಅಷ್ಟೇ, ಎರಡು ತಂದೆ. ಆದ್ರೆ ಬುದ್ಧಿ ಕಲಿಸಿದ್ದು ಹೌದು. ಏಂಜೆಲ್ ಮಹಾರಾಣಿ ಥರ ಮೆಲ್ಲಗೆ ಸಾಗ್ತಾ ಇದ್ರೆ ಈ ಎರಡು ಪೋಕರಿಗಳು ಹಿಂದಿಂದ ಬಂದು ರೆಕ್ಕೆ ತುದಿ ಚಿವುಟೋದು, ಓಡೋದು, ಮತ್ತೆ ಬರೋದು. ಹೊಟ್ಟೆ ಕೆಳಗೆ ಮೀಸೆ ಥರ ಉದ್ದಕ್ಕೆ ಇಳಿಬಿದ್ದಿರತ್ತಲ್ಲ ಎರಡು ಎಳೆ, ವಾರದೊಳಗೆ ಅದು ಅರ್ಧ ಮಾಯ. ಪರಿಹಾರ ಹುಡುಕಿದ್ರೆ, ಎರಡೇ ಇಟ್ಟಿದ್ದು ತಪ್ಪು, ಆರರಿಂದ ಎಂಟು ಇದ್ರೆ ಅವರವರಲ್ಲೇ ಕಿತ್ತಾಡ್ಕೊಂಡು ಬೇರೆಯವರನ್ನ ಅಷ್ಟಾಗಿ ಕಾಡಲ್ಲ, ಆದ್ರೂ ಉದ್ದ ರೆಕ್ಕೆಯ ಮೀನಿನ ಜೊತೆ ಮಾತ್ರ ಬೇಡ ಅಂತ ಇತ್ತು. ಇಬ್ಬರು ಪುಂಡರ ಕಾಟ ತಪ್ಪಿಸೋಕೆ ಇನ್ನಾರು ಪುಂಡರನ್ನ ಕರ್ಕೊಂಡು ಬರೋದು! ನಾನು ರೆಡಿನೇ ಇದ್ದೆ, ಹೆಂಡ್ತಿ ಗಾಡಿ ಕೀ ಬಚ್ಚಿಟ್ಳು.

ಪಾಚಿ ತಿನ್ನುತ್ತೆ ಅಂತ ತಂದ ಸಕ್ಕರ್ ಫಿಶ್ ಕಥೆ ಉದ್ದ ಎಳೆಯಲ್ಲ. ತಂದಾಗ ಎರಡಿಂಚು. ಒಂದಡಿ ದಾಟಿ ಬೆಳೆಯೋ ಜಾತಿ ಅದು, ನಮ್ಮ ಟ್ಯಾಂಕ್ ಅಗಲಾನೇ ಒಂದಡಿ, ಅಂದ್ರೆ ದೊಡ್ಡದಾದ್ಮೇಲೆ ತಿರುಗ್ಬೇಕಾದ್ರೆ ರಿವರ್ಸ್ ಗೇರ್ ಬೇಕು. ತಿಂದ ಪಾಚಿಗಿಂತ ಹಾಕಿದ ಗಲೀಜು ಜಾಸ್ತಿ ಅಂತ ನನ್ನ ಸೊಂಟ ಈಗ್ಲೂ ಸಾಕ್ಷಿ ಹೇಳತ್ತೆ.

ಕೊನೆಗೆ ಎಲ್ಲಾ ಮೀನೂ ಕಂತು ಕಂತಲ್ಲಿ ಫ್ರೆಂಡ್ ಮನೆಗೆ ಹೋದ್ವು, ಅವನು ಏಂಜೆಲ್‌ಗೆ ಅಂತಾನೇ ಒಂದು ಎತ್ತರದ ಟ್ಯಾಂಕ್ ತಂದ, ಅವನ ಹೆಂಡ್ತಿ ನನ್ನ ಜೊತೆ ಮಾತು ಕಮ್ಮಿ ಮಾಡಿದ್ರು. ನಮ್ಮನೇಲಿ ಈಗ ಒಂದೇ ಒಂದು ಫೈಟರ್ ಮೀನು. ಜೊತೆಗಾರರೇ ಇಲ್ಲಾಂದ್ರೆ ಜಗಳಾನೂ ಇಲ್ಲ ಅನ್ನೋದು ನನ್ನ ಲೆಕ್ಕ. ಮೊದಲನೇ ದಿನ ಸಂಜೆ ಲೈಟ್ ಹಾಕಿದ್ದೇ ತಡ, ಗಾಜಲ್ಲಿ ತನ್ನ ನೆರಳು ತಾನೇ ನೋಡಿ ಕಿವಿರು ಅಗಲಿಸ್ಕೊಂಡು ಯುದ್ಧಕ್ಕೆ ನಿಂತ. ಸೋಲೋನು ಗೆಲ್ಲೋನು ಇಬ್ರೂ ಅವನೇ, ಅರ್ಧ ಗಂಟೆ ಆದ್ರೂ ತೀರ್ಮಾನ ಆಗ್ಲಿಲ್ಲ. ಮೂರು ಕಡೆ ಪೇಪರ್ ಅಂಟಿಸ್ದೆ, ಬಚ್ಚಿಟ್ಕೊಳ್ಳೋಕೆ ನಾಲ್ಕು ಗಿಡ ತಂದು ನೆಟ್ಟೆ, ಸುಮಾರಾಗಿ ಶಾಂತವಾದ.

ಆ ಗಿಡದ ಎಲೆಗೆ ಸಾಸಿವೆ ಕಾಳಿನಷ್ಟು ಏನೋ ಅಂಟ್ಕೊಂಡು ಬಂದಿತ್ತು ಅಂತ ಕಾಣತ್ತೆ. ಒಂದು ವಾರಕ್ಕೆ ಗಾಜಿನ ಮೇಲೆ ಒಂದು ಬಸವನಹುಳು. ಫೈಟರ್ ಹತ್ರ ಬಂದು ಗುರಾಯಿಸ್ದ, ಒಂದ್ಸಲ ಕುಟುಕ್ದ, ಅದು ಚಿಪ್ಪೊಳಗೆ ಹೋಗಿ ಸ್ವಲ್ಪ ಹೊತ್ತು ಕೂತು ಮತ್ತೆ ಹೊರಗೆ ಬಂದು ತನ್ನ ಪಾಡಿಗೆ ಹೊರಟ್ತು. ಇಷ್ಟು ವರ್ಷ ಮ್ಯಾಚ್ ಮಾಡಿ ಮಾಡಿ ಸಾಕಾಗಿದ್ದ ನನಗೆ, ಕರೀದೇ ಬಂದಿದ್ದೇ ಹೊಂದ್ಕೊಂಡಿದ್ದು ನೋಡಿ ಕಣ್ಣಲ್ಲಿ ನೀರು ಬರೋದೊಂದು ಬಾಕಿ.

ಇವತ್ತು ಬೆಳಿಗ್ಗೆ ಮಗಳು ತುಂಬಾ ದಿನ ಆದ್ಮೇಲೆ ನೋಟ್‌ಬುಕ್ ತಗೊಂಡು ಟ್ಯಾಂಕ್ ಮುಂದೆ ಕೂತಿದ್ಳು. "ಹದಿನಾರು... ಹದಿನೇಳು... ಅಪ್ಪಾ, ಇದನ್ನ ಆಗ್ಲೇ ಎಣಿಸಿದ್ನಾ?"