ಎರರ್ ಹೋಯಿತು, ತೊಂದರೆ ಹೋಗಲಿಲ್ಲ

ಹೋದ ವಾರ ಎಂ.ಎ. ಓದುವ ಹುಡುಗಿಯೊಬ್ಬಳು ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. "ಮೇಡಂ, ಸಾಫ್ಟ್‌ವೇರ್ ಕೆಟ್ಟಿದೆ ಅನ್ಸತ್ತೆ." ಅಂಕಿಅಂಶ ಲೆಕ್ಕ ಹಾಕುವ ಇವ್ಯೂಸ್ ಅನ್ನುವ ಸಾಫ್ಟ್‌ವೇರ್ ತೆರೆದಿತ್ತು. ಮಧ್ಯದಲ್ಲಿ ಒಂದು ಎರರ್: 'ನಿಯರ್ ಸಿಂಗ್ಯುಲರ್ ಮ್ಯಾಟ್ರಿಕ್ಸ್'. ಪಾಪ, ಎರಡು ಸಲ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಿದ್ದಳಂತೆ.

ಸಮೀಕರಣ ನೋಡಿದೆ. ಒಂದು ಕಡೆ ಟೊಮೆಟೊ ಆವಕ. ಇನ್ನೊಂದು ಕಡೆ ಬೆಲೆ, ಅದರ ಜೊತೆ ಮಳೆಗಾಲ, ಚಳಿಗಾಲ, ಬೇಸಿಗೆ ಅಂತ ಮೂರು ಡಮ್ಮಿ (ಆ ಕಾಲವಾದರೆ 1, ಇಲ್ಲದಿದ್ದರೆ 0), ಮತ್ತೆ ಕಾನ್‌ಸ್ಟೆಂಟ್ ಅನ್ನುವ ಸ್ಥಿರಾಂಕ. ಮೂರೂ ಡಮ್ಮಿ ಕೂಡಿಸಿದರೆ ಪ್ರತಿ ಸಾಲಿನಲ್ಲೂ 1. ಕಾನ್‌ಸ್ಟೆಂಟೂ 1. ಒಂದೇ ವಿಷಯವನ್ನು ಎರಡು ಸಲ ಕೊಟ್ಟು, ಯಾರ ಪಾಲು ಎಷ್ಟು ಅಂತ ಕೇಳಿದರೆ ಸಾಫ್ಟ್‌ವೇರ್ ಹೇಗೆ ಹೇಳುತ್ತದೆ? ಆ ಎರರ್‌ನ ಅರ್ಥ ಇಷ್ಟೇ. ಒಂದು ಡಮ್ಮಿ ತೆಗೆದಳು, ರನ್ ಆಯಿತು. ಸ್ಟಾಟಾ ಅನ್ನುವ ಸಾಫ್ಟ್‌ವೇರ್ ಆಗಿದ್ದರೆ ತಾನೇ ಒಂದನ್ನು ಬಿಟ್ಟು ಸಣ್ಣ ಟಿಪ್ಪಣಿ ಹಾಕುತ್ತಿತ್ತು. ಆರ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಆಗಿದ್ದರೆ ಆ ಜಾಗದಲ್ಲಿ 'ಎನ್‌ಎ' (ಉತ್ತರ ಇಲ್ಲ) ಅಂತ ಬರುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಬೆಲೆಯ ಎದುರು ಬಂದ ಅಂಕಿಯನ್ನು ಅವಳು 'ಬೇಡಿಕೆಯ ಸ್ಥಿತಿಸ್ಥಾಪಕತ್ವ' (ಬೆಲೆ ಶೇಕಡ 1 ಏರಿದರೆ ಕೊಳ್ಳುವುದು ಶೇಕಡ ಎಷ್ಟು ಬದಲಾಗುತ್ತದೆ ಅನ್ನುವ ಅಳತೆ) ಅಂತ ಬರೆದುಕೊಂಡಳು. ನಿಜವಾದ ಐಡೆಂಟಿಫಿಕೇಶನ್ ತೊಂದರೆ, ಅಂದರೆ ಬಂದ ಅಂಕಿ ಬೇಡಿಕೆಯದೋ ಪೂರೈಕೆಯದೋ ಅಂತ ಗುರುತಿಸುವ ತೊಂದರೆ, ಶುರುವಾಗುವುದೇ ಅಲ್ಲಿ. ಅದಕ್ಕೆ ಯಾವ ಎರರೂ ಬರುವುದಿಲ್ಲ.

ಕೋಲಾರದ ಮಾರುಕಟ್ಟೆಯ ಒಂದು ದಿನದ ಬೆಲೆ, ಆವಕ ಅಂದರೆ ಕೊಳ್ಳುವವರೂ ಮಾರುವವರೂ ಸೇರಿ ಗ್ರಾಫಿನ ಮೇಲೆ ಇಟ್ಟ ಒಂದು ಚುಕ್ಕಿ. ಬೆಳೆಗೆ ರೋಗ ಬಿದ್ದರೂ ಚುಕ್ಕಿ ಜರುಗುತ್ತದೆ, ಮದುವೆ ಸೀಸನ್ ಬಂದರೂ ಜರುಗುತ್ತದೆ. ಎರಡೂ ಒಟ್ಟಿಗೆ ಆದರೆ? ಸಾವಿರ ಚುಕ್ಕಿಗಳ ನಡುವೆ ಗೆರೆ ಎಳೆದರೂ ಅದು ಬೇಡಿಕೆಯೂ ಅಲ್ಲ, ಪೂರೈಕೆಯೂ ಅಲ್ಲ. ಎಲ್ಮರ್ ವರ್ಕಿಂಗ್ ಅನ್ನುವ ಅರ್ಥಶಾಸ್ತ್ರಜ್ಞರು 1927ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಮರುವರ್ಷ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಫಿಲಿಪ್ ರೈಟ್ ಅವರ ಪುಸ್ತಕದ ಅನುಬಂಧದಲ್ಲಿ ದಾರಿಯೂ ಸಿಕ್ಕಿತು: ಒಂದೇ ಕಡೆಯನ್ನು ಅಲುಗಾಡಿಸುವ ಸಂಗತಿ ಹುಡುಕಬೇಕು.

ನ್ಯೂಯಾರ್ಕಿನ ಫುಲ್ಟನ್ ಮೀನು ಮಾರುಕಟ್ಟೆಯ ಉದಾಹರಣೆ ನನಗೆ ತುಂಬಾ ಇಷ್ಟ. 1991ರ ಡಿಸೆಂಬರ್‌ನಿಂದ 1992ರ ಮೇವರೆಗಿನ 111 ದಿನಗಳ 'ವೈಟಿಂಗ್' ಅನ್ನುವ ಜಾತಿಯ ಮೀನಿನ ವ್ಯಾಪಾರದ ಲೆಕ್ಕವನ್ನು ಅರ್ಥಶಾಸ್ತ್ರಜ್ಞೆ ಕ್ಯಾಥ್ರಿನ್ ಗ್ರ್ಯಾಡಿ ಕಲೆಹಾಕಿದ್ದರು. ಕಡಲಲ್ಲಿ ಬಿರುಗಾಳಿ ಇದ್ದರೆ ಮೀನು ಕಡಿಮೆ ಬರುತ್ತದೆ. ಊರಲ್ಲಿ ಮೀನು ತಿನ್ನುವವರ ಆಸೆ ಅದರಿಂದ ಬದಲಾಗುವುದಿಲ್ಲ. ಸಾದಾ ರಿಗ್ರೆಶನ್‌ನಲ್ಲಿ, ಅಂದರೆ ಚುಕ್ಕಿಗಳ ನಡುವೆ ಸುಮ್ಮನೆ ಗೆರೆ ಎಳೆದಾಗ, ಬಂದ ಸ್ಥಿತಿಸ್ಥಾಪಕತ್ವ ಸುಮಾರು ಮೈನಸ್ 0.54. ಬಿರುಗಾಳಿಯನ್ನು ಇನ್‌ಸ್ಟ್ರುಮೆಂಟ್ (ಒಂದೇ ಕಡೆಯನ್ನು ಅಲುಗಾಡಿಸುವ ಸಂಗತಿಗೆ ಇರುವ ಹೆಸರು) ಮಾಡಿದಾಗ ಸುಮಾರು ಮೈನಸ್ 1.08. ಅದೇ ಮೀನು, ಅದೇ ದಿನಗಳು, ಉತ್ತರ ಎರಡರಷ್ಟು!

"ಯಾವುದಾದ್ರೂ ಒಂದು ವೇರಿಯಬಲ್ ತೆಗಿ, ರಿಸಲ್ಟ್ ಬಂದ್ರೆ ಸಾಕು" ಅನ್ನುವ ಮಾರ್ಗದರ್ಶಕರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಮಕ್ಕಳು ತಿಂಗಳುಗಟ್ಟಲೆ ಕೂತು ಅಂಕಿ ತುಂಬಿರುತ್ತಾರೆ. ಆ ಅಂಕಿ ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲದು ಅಂತ ಮೊದಲೇ ಕೂರಿಸಿಕೊಂಡು ಹೇಳಬೇಕಲ್ವಾ?

"ಹಾಗಾದ್ರೆ ಮಳೆ ಹಾಕ್ಲಾ ಮೇಡಂ?" ಅಂದಳು. ಖುಷಿಯಾಯಿತು. ಆದರೆ ಕೋಲಾರದಲ್ಲಿ ಮಳೆ ಸುರಿದ ದಿನ ಬೆಂಗಳೂರಲ್ಲೂ ಸುರಿದಿದ್ದರೆ ತಳ್ಳುಗಾಡಿ ವ್ಯಾಪಾರವೂ ಬಿದ್ದುಹೋಗುತ್ತದೆ. ಆಗ ಮಳೆ ಎರಡೂ ಕಡೆ ಅಲುಗಾಡಿಸುತ್ತದೆ. ಇನ್‌ಸ್ಟ್ರುಮೆಂಟ್ ಒಂದೇ ಇದ್ದಾಗ ಇದನ್ನು ಪರೀಕ್ಷಿಸುವ ಕಮಾಂಡ್ ಯಾವ ಸಾಫ್ಟ್‌ವೇರ್‌ನಲ್ಲೂ ಇಲ್ಲ, ನಾವೇ ಯೋಚಿಸಬೇಕು. ಅವತ್ತಿನ ಮಳೆ ಬೇಡ, ಗಿಡ ಹೂ ಬಿಡುವ ಹೊತ್ತಿನ ಮಳೆ ತಗೊಂಡು ನೋಡು, ಅದು ಮುಂದೆ ಬರುವ ಬೆಳೆಯನ್ನು ಅಲುಗಾಡಿಸಬಹುದು, ಮಾರುವ ದಿನದ ಗಿರಾಕಿಯನ್ನಲ್ಲ ಅಂದೆ.

ಈಗ ಅವಳು ಅದನ್ನೇ ಹುಡುಕುತ್ತಿದ್ದಾಳೆ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ತಾಲೂಕುಗಳ ದಿನವಾರು ಮಳೆ ಲೆಕ್ಕ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ತಿಳಿಸಿ.